ಲಿಸ್ಬನ್‌ನಲ್ಲಿ ಮೂರು ರಾತ್ರಿ: ಅಮ್ಮನ ಮೊಣಕಾಲು ಮತ್ತು ಏಳು ಗುಡ್ಡ

ಮಲೆನಾಡಿಗ (ಮ್ಯೂನಿಕ್)

ಎಲ್ಲರಿಗೂ ನಮಸ್ಕಾರ. ಅಮ್ಮ ತೀರ್ಥಹಳ್ಳಿಯಿಂದ ಬಂದು ಮೂರು ವಾರವಾಯಿತು. ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಕಿಟಕಿಯ ಹತ್ತಿರ ಕುಳಿತು, "ಈ ಊರಿಗೆ ಸೂರ್ಯ ಬರುವುದು ಯಾವಾಗ?" ಎಂದು ದಿನವೂ ಕೇಳುತ್ತಾರೆ. ಬಿಸಿಲಿರುವ ಕಡೆ ಕರೆದುಕೊಂಡು ಹೋಗೋಣ ಎಂದು ಮಾರ್ಚ್ ಕೊನೆಗೆ ಲಿಸ್ಬನ್‌ಗೆ ಟಿಕೆಟ್ ತೆಗೆದಿದ್ದೇನೆ. ಶುಕ್ರವಾರ ಮಧ್ಯಾಹ್ನ ಇಳಿಯುತ್ತೇವೆ, ಸೋಮವಾರ ಸಂಜೆ ಹೊರಡುತ್ತೇವೆ.

ನಾನು ಹಾಕಿಕೊಂಡ ಲೆಕ್ಕ ಹೀಗಿದೆ. ಶುಕ್ರವಾರ ಕೋಟೆ, ಅಲ್ಫಾಮಾ, ಸಾಂತಾ ಜುಸ್ತಾ ಲಿಫ್ಟ್. ಶನಿವಾರ ಸಿಂತ್ರಾದ ಮೂರು ಅರಮನೆಗಳು, ಅಲ್ಲಿಂದ ಕಾಬೊ ದ ರೋಕಾ ಭೂಶಿರ, ಕಶ್ಕಾಯ್ಶ್ ಕಡಲತೀರ. ಭಾನುವಾರ ವಸ್ತುಸಂಗ್ರಹಾಲಯಗಳು, ರಾತ್ರಿ ಫಾದು ಸಂಗೀತ. ಸೋಮವಾರ ಬೆಳಗ್ಗೆ ಬೆಲೇಂ ನೋಡಿ ವಿಮಾನ ನಿಲ್ದಾಣ. ಅಲ್ಫಾಮಾದಲ್ಲಿ ನಾಲ್ಕನೇ ಮಹಡಿಯ ಒಂದು ಚಂದದ ಮನೆ ಸಿಕ್ಕಿದೆ. ಬಾಲ್ಕನಿಯಿಂದ ನದಿ ಕಾಣುತ್ತದೆ. ಬುಧವಾರದೊಳಗೆ ರದ್ದು ಮಾಡಿದರೆ ಹಣ ವಾಪಸ್.

ಎರಡು ವಿಷಯ ಹೇಳಬೇಕು. ಅಮ್ಮನಿಗೆ 66 ವರ್ಷ, ಬಲಗಾಲಿನ ಮಂಡಿ ಸವೆದಿದೆ. ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಒಂದು ಗಂಟೆ ನಡೆಯುತ್ತಾರೆ. ಮೊಟ್ಟೆಯನ್ನೂ ತಿನ್ನುವುದಿಲ್ಲ. ಬೆಳಗಿನ ಕಾಫಿ ಆಗುವ ತನಕ ಮಾತನ್ನೂ ಆಡುವುದಿಲ್ಲ. ಈ ಲೆಕ್ಕ ಸರಿ ಇದೆಯೇ?

ಪಟ್ಟಿ ಪರಮೇಶಿ (ಬೆಂಗಳೂರು)

ಬಹಳ ಚೆನ್ನಾಗಿದೆ ಸರ್. ನಾವು ಕಳೆದ ವರ್ಷ ಎರಡೂವರೆ ದಿನದಲ್ಲಿ ಹತ್ತೊಂಬತ್ತು ಜಾಗ ನೋಡಿದೆವು, ಪಟ್ಟಿ ಬೇಕಿದ್ದರೆ ಕಳಿಸುತ್ತೇನೆ. ನಿಮ್ಮದರಲ್ಲಿ ನದಿಯಾಚೆಯ ಕ್ರಿಸ್ತನ ಪ್ರತಿಮೆ ಬಿಟ್ಟುಹೋಗಿದೆ. ಭಾನುವಾರ ಬೆಳಗ್ಗೆ ಸೇರಿಸಿಕೊಳ್ಳಿ. ಏಳಕ್ಕೆ ಹೊರಟರೆ ಆರಾಮವಾಗಿ ಆಗುತ್ತದೆ.

ಕಡಲತಡಿ (ಲಿಸ್ಬನ್)

ಮೊದಲು ಆ ಮನೆಯನ್ನು ರದ್ದು ಮಾಡಿ. ಉಳಿದ ಮಾತು ಆಮೇಲೆ.

ರದ್ದು ಮಾಡಿದಿರಾ? ಸರಿ, ಈಗ ಕೇಳಿ. ನನ್ನ ಊರು ಕುಮಟಾ, ಇಲ್ಲಿಗೆ ಬಂದು ಆರು ವರ್ಷವಾಯಿತು. ಮೊದಲ ಎಂಟು ತಿಂಗಳು ನಾನೂ ಅಲ್ಫಾಮಾದಲ್ಲೇ ಇದ್ದೆ. ಚಂದವೇನೋ ಚಂದವೇ. ಆದರೆ ಅದು 1755ರ ಭೂಕಂಪದಲ್ಲಿ ಬಹುಮಟ್ಟಿಗೆ ಉಳಿದುಕೊಂಡ ಹಳೆಯ ಕೇರಿ. ಓಣಿ ಎಂದರೆ ಅರ್ಧಕ್ಕರ್ಧ ಮೆಟ್ಟಿಲು. ಟ್ಯಾಕ್ಸಿಯವನು ಕೆಳಗೆ ಒಂದು ಚೌಕದಲ್ಲಿ ಇಳಿಸಿ ಹೋಗುತ್ತಾನೆ, ಅಲ್ಲಿಂದ ಪೆಟ್ಟಿಗೆಯನ್ನು ನೀವೇ ಎತ್ತಬೇಕು. ಹಳೆಯ ಮನೆಗಳ ಒಳಗಿನ ಮರದ ಮೆಟ್ಟಿಲು ನಮ್ಮ ಅಟ್ಟದ ಏಣಿಗಿಂತ ಸ್ವಲ್ಪ ಮೇಲು, ಅಷ್ಟೇ. ನಾಲ್ಕನೇ ಮಹಡಿಯಿಂದ ಅಮ್ಮ ದಿನಕ್ಕೆ ಒಂದೇ ಸಲ ಇಳಿಯುತ್ತಾರೆ, ಸೋಮವಾರದ ಹೊತ್ತಿಗೆ ಅದೂ ಇಲ್ಲ.

ಬಾಯ್ಶಾದಲ್ಲಿ ಉಳಿದುಕೊಳ್ಳಿ. ರೊಸಿಯು ಚೌಕದಿಂದ ನದಿಯ ತನಕ ಚಪ್ಪಟೆಯಾದ ಜಾಗ. ಭೂಕಂಪ, ಅದರ ಹಿಂದೆಯೇ ಬಂದ ಸುನಾಮಿ ಮತ್ತು ಬೆಂಕಿಯಲ್ಲಿ ಈ ಭಾಗ ನಾಶವಾದ ಮೇಲೆ ಮಂತ್ರಿ ಪೊಂಬಾಲ್ ಇದನ್ನು ಚೌಕಳಿ ಹಾಸಿನಂತೆ ನೇರ ಬೀದಿಗಳಲ್ಲಿ ಕಟ್ಟಿಸಿದ. ಗೋಡೆಯೊಳಗೆ ಮರದ ಪಂಜರ ಕೂರಿಸಿದ ಮನೆಗಳು, ನೆಲ ಅಲುಗಿದರೆ ಕಟ್ಟಡವೂ ಬಳುಕಲಿ ಎಂದು. ಮಾದರಿ ಕಟ್ಟಿ, ಅದರ ಸುತ್ತ ಸೈನಿಕರನ್ನು ಕವಾಯತು ಮಾಡಿಸಿ ಪರೀಕ್ಷೆ ಮಾಡಿದರು ಎಂದು ಇಲ್ಲಿ ಹೇಳುತ್ತಾರೆ. "ಲಿಫ್ಟ್ ಇದೆಯೇ?" ಎಂದು ಬರೆದು ಕೇಳಿ ಉತ್ತರ ಬಂದ ಮೇಲೆಯೇ ಹಣ ಕಟ್ಟಿ. ಚಿತ್ರ ನೋಡಿ ನಂಬಬೇಡಿ.

ಇನ್ನು ತಿರುಗಾಟ. ಈ ಊರಿನಲ್ಲಿ ದೂರ ಅಳೆಯಬಾರದು, ಎತ್ತರ ಅಳೆಯಬೇಕು. ಭೂಪಟದಲ್ಲಿ ಮುನ್ನೂರು ಮೀಟರ್ ಎಂದು ತೋರಿಸಿದ್ದು ನೂರೈವತ್ತು ಮೆಟ್ಟಿಲಾಗಿರುತ್ತದೆ. ಮೇಲಕ್ಕೆ ವಾಹನ, ಕೆಳಕ್ಕೆ ಕಾಲು ಎಂಬ ಸೂತ್ರ ಹಿಡಿದುಕೊಳ್ಳಿ. ಕೋಟೆಯ ಗುಡ್ಡಕ್ಕೆ ಊರಿನವರು ಬಳಸುವ ಉಚಿತ ಲಿಫ್ಟ್‌ಗಳಿವೆ. ಬಾಯ್ಶಾದ ರುವಾ ದುಶ್ ಫಾಂಕೇಯ್ರುಶ್ ಬೀದಿಯಲ್ಲಿ, ಬಟ್ಟೆ ಅಂಗಡಿಗಳ ಸಾಲಿನ ನಡುವೆ ಸಾಮಾನ್ಯ ಕಟ್ಟಡದೊಳಗೆ ಒಂದು. ಅದು ಮೇಲಿನ ಮದಲೇನಾ ಬೀದಿಗೆ ಬಿಡುತ್ತದೆ. ಸ್ವಲ್ಪ ಮುಂದೆ ಸೂಪರ್‌ಮಾರ್ಕೆಟ್ ಇರುವ ಕಟ್ಟಡದಲ್ಲಿ ಇನ್ನೊಂದು. ಎರಡಕ್ಕೂ ಕಾಸಿಲ್ಲ. ಇಲ್ಲವೆಂದರೆ ಪ್ರಾಸಾ ದ ಫಿಗೇಯ್ರಾದಿಂದ 737ನೇ ನಂಬರಿನ ಪುಟ್ಟ ಬಸ್ ಕೋಟೆಯ ಹತ್ತಿರಕ್ಕೇ ಹೋಗುತ್ತದೆ.

ಸಾಂತಾ ಜುಸ್ತಾ ಲಿಫ್ಟ್‌ಗೆ ಸಾಲು ನಿಲ್ಲಬೇಡಿ. 1902ರ ಕಬ್ಬಿಣದ ಗೋಪುರ, ನಲವತ್ತೈದು ಮೀಟರ್ ಎತ್ತರ, ನಿಜವಾಗಿಯೂ ಸೊಗಸು. ಅದನ್ನು ಕೆಳಗಿನಿಂದ ನೋಡಿ. ಮೇಲಕ್ಕೆ ಹೋಗಲು ಬಾಯ್ಶಾ-ಶಿಯಾದು ಮೆಟ್ರೊ ನಿಲ್ದಾಣದ ಎಸ್ಕಲೇಟರ್‌ಗಳಿವೆ. ಕೆಳಗಿನ ಬಾಗಿಲಲ್ಲಿ ಹೊಕ್ಕು ಮೇಲಿನ ಕೇರಿಯಾದ ಶಿಯಾದು ಕಡೆಯ ಬಾಗಿಲಲ್ಲಿ ಹೊರಬಂದರೆ ಗುಡ್ಡ ಹತ್ತಿಯಾಯಿತು.

ಮಲೆನಾಡಿಗ

ರದ್ದು ಮಾಡಿದೆ. ಅಮ್ಮನಿಗೆ ಬಾಲ್ಕನಿಯ ಚಿತ್ರ ತೋರಿಸಿಬಿಟ್ಟಿದ್ದೆ, ಈಗ ಸ್ವಲ್ಪ ಮುನಿಸು. 28ನೇ ನಂಬರಿನ ಟ್ರಾಮ್ ಹೇಗೆ? ಎಲ್ಲರೂ ಅದನ್ನೇ ಹೇಳುತ್ತಾರೆ.

ಕಡಲತಡಿ

ಎಲ್ಲರೂ ಹೇಳುತ್ತಾರೆ, ಎಲ್ಲರೂ ಹತ್ತುತ್ತಾರೆ, ತೊಂದರೆ ಇರುವುದೇ ಅಲ್ಲಿ. ಅದು ಹೊರಡುವ ಮಾರ್ತಿಂ ಮೊನೀಜ್‌ನಲ್ಲಿ ಬೆಳಗ್ಗೆ ಹತ್ತಕ್ಕೆ ಹೋದರೆ ಒಂದು ಗಂಟೆ ಸಾಲು. ನಡುದಾರಿಯಲ್ಲಿ ಹತ್ತಿದರೆ ನಿಂತೇ ಹೋಗಬೇಕು, ಅಮ್ಮನಿಗೆ ಬೇಡ. ಬೆಳಗ್ಗೆ ಎಂಟರೊಳಗೆ ಇನ್ನೊಂದು ತುದಿಯಾದ ಕಾಂಪು ದ ಓರಿಕ್‌ಗೆ ಹೋಗಿ ಅಲ್ಲಿಂದ ಹತ್ತಿ. ಸೀಟು ಸಿಗುತ್ತದೆ.

ಸಿಕ್ಕರೆ ಮಾತ್ರ ಅದರ ಸೊಗಸೇ ಬೇರೆ. ಮರದ ಬೆಂಚು, ಹಿತ್ತಾಳೆಯ ಹಿಡಿಕೆ, ತಿರುವಿನಲ್ಲಿ ಗಾಲಿ ಕಿರುಗುಟ್ಟುವ ಸದ್ದು. ಅಲ್ಫಾಮಾದ ಒಂದು ಓಣಿಯಲ್ಲಿ ಗಾಡಿಗೂ ಗೋಡೆಗೂ ಇರುವ ಅಂತರ ಎಷ್ಟೆಂದರೆ, ನಡೆದು ಹೋಗುವವರು ಪಕ್ಕದ ಮನೆಯ ಬಾಗಿಲ ಸಂದಿಗೆ ಬೆನ್ನು ಅಂಟಿಸಿ ನಿಂತು ದಾರಿ ಬಿಡುತ್ತಾರೆ. ಕಿಟಕಿಯಿಂದ ಕೈ ಚಾಚಿದರೆ ಒಣಹಾಕಿದ ಬಟ್ಟೆ ಮುಟ್ಟಬಹುದು. ಚಾಚಬೇಡಿ. ಚಾಲಕರಿಂದ ಟಿಕೆಟ್ ಕೊಂಡರೆ ಮೂರು ಯೂರೊ ಮೇಲೆ ಆಗುತ್ತದೆ. ಅದರ ಬದಲು ಮೆಟ್ರೊ ನಿಲ್ದಾಣದಲ್ಲಿ ಅರ್ಧ ಯೂರೊ ಕೊಟ್ಟು ನಾವೆಗಾಂತ್ ಕಾರ್ಡ್ ತೆಗೆದುಕೊಂಡು, ಏಳು ಯೂರೊ ಆಸುಪಾಸಿನ 24 ಗಂಟೆಯ ಟಿಕೆಟ್ ಹಾಕಿಸಿ. ಬಸ್, ಟ್ರಾಮ್, ಮೆಟ್ರೊ ಎಲ್ಲಕ್ಕೂ ಅದೇ. ತಲೆಗೊಂದು ಕಾರ್ಡ್ ಬೇಕು, ಒಂದರಲ್ಲಿ ಇಬ್ಬರು ಹೋಗಲಾಗದು.

ಗುಡ್ಡ ಹತ್ತುವ ಹಳದಿ ಫ್ಯುನಿಕುಲರ್‌ಗಳನ್ನು ನಂಬಿ ಯೋಜನೆ ಹಾಕಬೇಡಿ. 2025ರ ಸೆಪ್ಟೆಂಬರ್ 3ರಂದು ಗ್ಲೋರಿಯಾ ಗಾಡಿ ಹಳಿ ತಪ್ಪಿ ಉರುಳಿ 16 ಜನ ಸತ್ತರು. 1885ರಿಂದ ಓಡುತ್ತಿದ್ದ ಗಾಡಿ ಅದು. ಆ ಬಳಿಕ ಉಳಿದವನ್ನೂ ತಪಾಸಣೆಗೆಂದು ನಿಲ್ಲಿಸಿದರು. ಯಾವುದು ಓಡುತ್ತಿದೆ ಎಂದು ಹೊರಡುವ ವಾರ ನೋಡಿಕೊಳ್ಳಿ. ಆ ಇಳಿಜಾರಿನಲ್ಲಿ ನಾನೂ ವಾರಕ್ಕೆರಡು ಸಲ ಹತ್ತಿ ಇಳಿದವನು. ಇಂದಿಗೂ ಅಲ್ಲಿ ಹಾದುಹೋಗುವಾಗ ಕಾಲು ನಿಧಾನವಾಗುತ್ತದೆ.

ರೋಟರ್‌ಡ್ಯಾಂ ರೊಟ್ಟಿ

28ರಲ್ಲೇ ನಮ್ಮ ಯಜಮಾನರ ಮೊಬೈಲ್ ಹೋಗಿದ್ದು. ಜನರ ನಡುವೆ ಒಬ್ಬ ಮನುಷ್ಯ ಬಹಳ ಮರ್ಯಾದೆಯಿಂದ "ಕ್ಷಮಿಸಿ, ಕ್ಷಮಿಸಿ" ಎನ್ನುತ್ತ ದಾಟಿಹೋದ. ಅಷ್ಟು ಮರ್ಯಾದೆ ಕಂಡಾಗಲೇ ನನಗೆ ಸಂಶಯ ಬರಬೇಕಿತ್ತು.

ಮೊಣಕಾಲು ಮಾಸ್ತರು (ಧಾರವಾಡ)

ಕಡಲತಡಿಯವರ ಸಲಹೆಯಲ್ಲಿ ಒಂದನ್ನು ಬಿಟ್ಟು ಎಲ್ಲವನ್ನೂ ಒಪ್ಪುತ್ತೇನೆ. "ಮೇಲಕ್ಕೆ ವಾಹನ, ಕೆಳಕ್ಕೆ ಕಾಲು" ಎಂಬುದು ನಿಮ್ಮಂಥ ಹರೆಯದವರ ಸೂತ್ರ. ನಾನು ಮೂವತ್ತೆಂಟು ವರ್ಷ ಕರಿಹಲಗೆಯ ಮುಂದೆ ನಿಂತು ಎರಡೂ ಮಂಡಿ ಸವೆಸಿಕೊಂಡವನು. ಸವೆದ ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಹತ್ತುವಾಗ ಏದುಸಿರು ಬರುತ್ತದೆ, ಕುಳಿತರೆ ಹೋಗುತ್ತದೆ. ಇಳಿಯುವಾಗ ಮೈಭಾರವೆಲ್ಲ ಬಗ್ಗಿದ ಮಂಡಿಯ ಮೇಲೆ ಬೀಳುತ್ತದೆ, ಆ ನೋವು ರಾತ್ರಿ ಹಾಸಿಗೆಗೆ ಬರುತ್ತದೆ.

ಇನ್ನು ಆ ಕಲ್ಲು. ಕಾಲುದಾರಿಗೆಲ್ಲ ಬಿಳಿ ಸುಣ್ಣದಕಲ್ಲಿನ ಸಣ್ಣ ಚೌಕಗಳನ್ನು ಒತ್ತಾಗಿ ಕೂರಿಸಿದ್ದಾರೆ, ನಡುನಡುವೆ ಕರಿ ಕಲ್ಲಿನ ಚಿತ್ತಾರ. ಜನ ತುಳಿದು ತುಳಿದು ಅದು ಕನ್ನಡಿಯಾಗಿದೆ. ಮೂರು ವರ್ಷದ ಹಿಂದೆ ಮಗಳ ಜೊತೆ ಹೋದಾಗ ಸಣ್ಣ ಮಳೆ ಬಂತು. ಶಿಯಾದುವಿನಿಂದ ಇಳಿಯುತ್ತ ನಾಲ್ಕು ಹೆಜ್ಜೆ ಇಟ್ಟೆ, ಐದನೆಯದನ್ನು ಇಡಲಿಲ್ಲ, ಅದೇ ಹೋಯಿತು. ಅಂಗಡಿಯ ಹೆಂಗಸೊಬ್ಬಳು ಓಡಿಬಂದು ಕುರ್ಚಿ ಹಾಕಿ ನೀರು ಕೊಟ್ಟಳು. ಮಲೆನಾಡಿಗರೇ, ಮಳೆಗಾಲದಲ್ಲಿ ನಿಮ್ಮ ಅಂಗಳದ ಪಾಚಿಯ ಮೇಲೆ ಅಡಿಕೆ ದಬ್ಬೆ ಹಾಸುತ್ತೀರಲ್ಲ, ಲಿಸ್ಬನ್‌ನಲ್ಲಿ ಅದನ್ನು ಹಾಸುವವರಿಲ್ಲ. ಮಾರ್ಚ್‌ನಲ್ಲಿ ಮಳೆ ಬರುತ್ತದೆ. ರಬ್ಬರ್ ಅಡಿಯ, ಹಿಂಬದಿ ಬಿಗಿಯಾದ ಪಾದರಕ್ಷೆ ಇರಲಿ, ಒಂದು ಮಡಚುವ ಕೋಲು ಇರಲಿ. ಕೋಲು ಬೇಡ ಎನ್ನುತ್ತಾರೆ. ನಿಮ್ಮದೇ ಎಂದು ಹೇಳಿ ನೀವು ಹಿಡಿದುಕೊಳ್ಳಿ.

ಕಡಲತಡಿ

ಮಾಸ್ತರೇ, ತಪ್ಪಾಯಿತು. ನನ್ನ ಅಮ್ಮ ಇಲ್ಲಿಗೆ ಬಂದಾಗ ಇಳಿಯುತ್ತ "ಸ್ವಲ್ಪ ನಿಲ್ಲು" ಎನ್ನುತ್ತಿದ್ದದ್ದು ನೋಟ ನೋಡುವುದಕ್ಕೆ ಎಂದುಕೊಂಡಿದ್ದೆ. ಹಾಗಾದರೆ ಸೂತ್ರ ತಿದ್ದುತ್ತೇನೆ: ಹತ್ತುವುದಕ್ಕೂ ಲಿಫ್ಟ್, ಇಳಿಯುವುದಕ್ಕೂ ಅದೇ ಲಿಫ್ಟ್.

ಮಲೆನಾಡಿಗ

ಊಟದ ವಿಷಯ ಯಾರೂ ಹೇಳಲಿಲ್ಲ. ವೀಸಾ ವಿಚಾರವೂ ಒಂದಿದೆ. ಅಮ್ಮನಿಗೆ ಇರುವುದು ಜರ್ಮನಿ ಕೊಟ್ಟ ಮೂರು ತಿಂಗಳ ಶೆಂಗೆನ್ ವೀಸಾ.

ಕಡಲತಡಿ

ವೀಸಾಕ್ಕೆ ಚಿಂತೆಯಿಲ್ಲ. ಪೋರ್ಚುಗಲ್ ಕೂಡ ಶೆಂಗೆನ್ ಒಳಗೇ ಇದೆ, ಬೇರೆ ವೀಸಾ ಬೇಡ. ಅವರ ಪಾಸ್‌ಪೋರ್ಟ್ ಮತ್ತು ವಿಮೆಯ ಕಾಗದ ಕೈಚೀಲದಲ್ಲಿರಲಿ. ಮ್ಯೂನಿಕ್‌ನಿಂದ ಬರುವವರಿಗೆ ಇಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಸಾಲೂ ಇರುವುದಿಲ್ಲ. ಬೆಂಗಳೂರಿನಿಂದ ಲಂಡನ್ ಮೇಲೆ ಬರುವವರು ಆ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವುದನ್ನು ನೋಡಿದ್ದೇನೆ. ಗಡಿಯಾರ ಒಂದು ಗಂಟೆ ಹಿಂದಕ್ಕೆ. ಊರಿನ ಪ್ರವಾಸಿ ತೆರಿಗೆ ತಲೆಗೆ ರಾತ್ರಿಗೆ ನಾಲ್ಕು ಯೂರೊ, ಕೊಠಡಿಯ ಬಾಡಿಗೆಯಲ್ಲಿ ಸೇರಿರದಿದ್ದರೆ ಅಲ್ಲಿ ಕೇಳುತ್ತಾರೆ. ವಿಮಾನ ನಿಲ್ದಾಣಕ್ಕೆ ಮೆಟ್ರೊ ಇದೆ, ಆದರೆ ನಡುವೆ ಗಾಡಿ ಬದಲಿಸಬೇಕು. ಅಮ್ಮ, ಪೆಟ್ಟಿಗೆ ಎರಡೂ ಇದ್ದರೆ ಟ್ಯಾಕ್ಸಿ ಹಿಡಿಯಿರಿ, ನಿಲ್ದಾಣ ಊರೊಳಗೇ ಇದೆ.

ರೋಟರ್‌ಡ್ಯಾಂ ರೊಟ್ಟಿ

ಊಟ ನನಗೆ ಬಿಡಿ. ನಾನೂ ವಿಜಯಪುರದ ಶುದ್ಧ ಸಸ್ಯಾಹಾರಿ, ಮೂರು ಸಲ ಹೋಗಿ ಬಂದಿದ್ದೇನೆ.

ಪಾಶ್ಟೆಲ್ ದ ನಾಟಾ ಎಂಬ ಸಿಹಿ ಬಿಲ್ಲೆಯನ್ನು ಎಲ್ಲರೂ ತಿನ್ನಿ ಎನ್ನುತ್ತಾರೆ. ಅದರ ಹೊಟ್ಟೆಯಲ್ಲಿರುವುದು ಮೊಟ್ಟೆಯ ಹಳದಿಯೇ. ಬೆಲೇಂನಲ್ಲಿ 1837ರಿಂದ ಮಾಡುತ್ತಿರುವ ಅಂಗಡಿಯೂ ಅದಕ್ಕೇ ಹೆಸರುವಾಸಿ. ಅಲ್ಲಿನ ಮಠಗಳ ಸಿಹಿಗಳೆಲ್ಲ ಮೊಟ್ಟೆಯ ಮೇಲೆಯೇ ನಿಂತಿವೆ. ಆದ್ದರಿಂದ ಅಮ್ಮನಿಗೆ ಸಿಹಿಯಂಗಡಿಯಲ್ಲಿ ಏನೂ ಇಲ್ಲ ಎಂದೇ ಹೊರಡಿ.

ಕಾಫಿಗೆ ತೊಂದರೆಯಿಲ್ಲ. "ಗಲಾಂವ್" ಎಂದು ಕೇಳಿ. ಉದ್ದನೆಯ ಗಾಜಿನ ಲೋಟದಲ್ಲಿ ಹಾಲು ಜಾಸ್ತಿ ಹಾಕಿ ಕೊಡುತ್ತಾರೆ. ಕಾಫಿ ಸ್ಟ್ರಾಂಗ್ ಬೇಕಿದ್ದರೆ "ಮೇಯ ದ ಲೇಯ್ತ್", ಅರ್ಧಕ್ಕರ್ಧ. ನಮ್ಮ ಫಿಲ್ಟರ್ ಕಾಫಿಗೆ ಅದು ಹತ್ತಿರದ ನೆಂಟ. ಜೊತೆಗೆ "ತೊರಾಡಾ" ಹೇಳಿ, ದಪ್ಪ ಬ್ರೆಡ್ಡನ್ನು ಸುಟ್ಟು ಬೆಣ್ಣೆ ಮೆತ್ತಿ ಉದ್ದುದ್ದ ಕತ್ತರಿಸಿ ತರುತ್ತಾರೆ. ಬೆಳಗ್ಗೆ ಅಷ್ಟು ಸಾಕು.

ಮಧ್ಯಾಹ್ನ ಸಣ್ಣ ಹೋಟೆಲುಗಳಲ್ಲಿ ತರಕಾರಿ ಸಾರು ಇದ್ದೇ ಇರುತ್ತದೆ, ಸೋಪಾ ದ ಲೆಗೂಮ್ಶ್. ಮಾಂಸದ ನೀರು ಹಾಕಿದ್ದಾರೆಯೇ ಎಂದು ಕೇಳಿ. ಹಸಿರು ಸಾರು ಕಾಲ್ದು ವೇರ್ದ್ ಬಂದರೆ ಅದರ ಮೇಲೆ ಒಂದು ಚೂರು ಹಂದಿಮಾಂಸದ ಸಾಸೇಜ್ ತೇಲುತ್ತಿರುತ್ತದೆ. ತೆಗೆದುಹಾಕಿ ಎಂದರೆ ತೆಗೆಯುತ್ತಾರೆ, ರುಚಿ ಮಾತ್ರ ಇಳಿದೇ ಇರುತ್ತದೆ. "ಪೆಶೀನ್ಯುಶ್ ದ ಓರ್ತಾ" ಎಂದರೆ ತೋಟದ ಪುಟ್ಟ ಮೀನುಗಳು ಎಂದರ್ಥ. ಮೀನಲ್ಲ, ಹುರುಳಿಕಾಯಿ ಬಜ್ಜಿ. ಹಿಟ್ಟಿಗೆ ಮೊಟ್ಟೆ ಒಡೆಯುವುದು ರೂಢಿ, ಹಾಗಾಗಿ "ಸೆಂ ಓವು" ಎಂದು ಮೊದಲೇ ವಿಚಾರಿಸಿ. ಕಾಫಿ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ "ಶಮೂಸಾ" ಕಂಡರೆ ನಮ್ಮ ಸಮೋಸವೇ ಅದು. ಗೋವಾ, ಮೊಜಾಂಬಿಕ್ ಸುತ್ತಿ ಬಂದ ಸಮೋಸ, ಒಳಗೆ ಹೆಚ್ಚಾಗಿ ಮಾಂಸವಿರುತ್ತದೆ. ಕೂತ ಕೂಡಲೇ ಕೇಳದೆಯೇ ಬ್ರೆಡ್, ಆಲಿವ್ ತಂದಿಡುತ್ತಾರೆ. ಅದು ಉಪಚಾರವಲ್ಲ, ಮುಟ್ಟಿದರೆ ಬಿಲ್ಲು. ಬೇಡವಾದರೆ ವಾಪಸ್ ಕಳಿಸಿ.

ರಾತ್ರಿ ಅನ್ನ ಬೇಕೇ ಬೇಕು ಎಂದರೆ ಮಾರ್ತಿಂ ಮೊನೀಜ್ ಸುತ್ತ ನೇಪಾಳಿ, ಬಾಂಗ್ಲಾದೇಶಿ ಹೋಟೆಲುಗಳಿವೆ. ದಾಲ್ ಸಿಗುತ್ತದೆ. ಒಂದು ಪೊಟ್ಟಣ ಚಟ್ನಿಪುಡಿ ಒಯ್ಯಿರಿ, ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ.

ಪಟ್ಟಿ ಪರಮೇಶಿ

ಎಲ್ಲ ಸರಿ, ಸಿಂತ್ರಾ ಬಿಟ್ಟುಬಿಡಬೇಡಿ. ರೊಸಿಯು ನಿಲ್ದಾಣದಿಂದ ರೈಲಿನಲ್ಲಿ ನಲವತ್ತೇ ನಿಮಿಷ. ಅಲ್ಲಿಯವರೆಗೆ ಹೋಗಿ ಪೆನಾ ಅರಮನೆ ನೋಡದಿದ್ದರೆ ಊರಿಗೆ ಬಂದು ಏನು ಹೇಳುತ್ತೀರಿ?

ಕಡಲತಡಿ

ಪರಮೇಶಿಯವರೇ, ರೈಲು ನಲವತ್ತು ನಿಮಿಷವೇ. ಅಮ್ಮನಿಗೆ 65 ದಾಟಿರುವುದರಿಂದ ಅರ್ಧ ದರವೂ ಹೌದು. ಸಿಂತ್ರಾದಲ್ಲಿ ಇಳಿದ ಮೇಲೆ ಶುರುವಾಗುವುದನ್ನು ಹೇಳಿ. ಗುಡ್ಡದ ಮೇಲಿನ ಅರಮನೆಗೆ 434ನೇ ಬಸ್ಸಿಗೆ ಸಾಲು, ತೋಟದ ಗೇಟಿನಿಂದ ಅರಮನೆಯ ಬಾಗಿಲಿಗೆ ಇನ್ನೊಂದು ಏರು. ಒಳಗೆ ಹೋಗಲು ಟಿಕೆಟ್ಟಿನಲ್ಲಿ ಅಚ್ಚಾದ ಹೊತ್ತಿಗೇ ಬಾಗಿಲಲ್ಲಿರಬೇಕು, ತಡವಾದರೆ ಬಿಡುವುದಿಲ್ಲ. ಒಳಗೆ ಮುಂದಿನವರ ಬೆನ್ನು ನೋಡುತ್ತ ಒಂದು ಸುತ್ತು. ಶನಿವಾರ ಬೇರೆ. ಒಂದೇ ದಿನದಲ್ಲಿ ಮೂರು ಅರಮನೆ, ಒಂದು ಭೂಶಿರ, ಒಂದು ಕಡಲತೀರ ಎಂದರೆ ಅದು ಪ್ರವಾಸವಲ್ಲ, ಅಂಚೆ ಬಟವಾಡೆ.

ಪಟ್ಟಿ ಪರಮೇಶಿ

ನಾವು ಮಾಡಿದೆವಲ್ಲ!

ರೋಟರ್‌ಡ್ಯಾಂ ರೊಟ್ಟಿ

ಪರಮೇಶಿಯಣ್ಣ, ಹತ್ತೊಂಬತ್ತರಲ್ಲಿ ಈಗ ಎಷ್ಟು ನೆನಪಿದೆ?

ಪಟ್ಟಿ ಪರಮೇಶಿ

ಫೋಟೊ ಇದೆ ಅಕ್ಕ. (ಪೆನಾದಲ್ಲಿ ನಮ್ಮ ಅತ್ತೆಯವರು ಕೆಳಗಿನ ಬೆಂಚಿನಲ್ಲೇ ಕುಳಿತಿದ್ದರು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.)

ಹಳೆ ಓಲೆ (ಮೈಸೂರು)

ಬೆಲೇಂ ಅನ್ನು ಸೋಮವಾರಕ್ಕೆ ಇಟ್ಟುಕೊಂಡಿದ್ದೀರಿ, ಅಲ್ಲಿನ ಜೆರೋನಿಮುಶ್ ಮಠಕ್ಕೆ ಸೋಮವಾರವೇ ರಜೆ. ಭಾನುವಾರ ಬೆಳಗ್ಗೆ ಇಗರ್ಜಿಯಲ್ಲಿ ಪೂಜೆ. ಶನಿವಾರ ಹೋಗಿ. ಇಗರ್ಜಿಯ ಒಳಗೆ ಪ್ರವೇಶ ಉಚಿತ, ಪಕ್ಕದ ಕೈಸಾಲೆಗೆ ಟಿಕೆಟ್. ಎರಡಕ್ಕೂ ಬೇರೆ ಬೇರೆ ಸಾಲು. ಟಿಕೆಟ್ಟಿನ ಸಾಲಿನಲ್ಲಿ ಒಂದು ಗಂಟೆ ನಿಂತು ಆಮೇಲೆ ಇಗರ್ಜಿಗೆ ಆ ಸಾಲೇ ಬೇಕಿರಲಿಲ್ಲ ಎಂದು ತಿಳಿದವರಲ್ಲಿ ನಾನೂ ಒಬ್ಬ.

1501ರ ಹೊತ್ತಿಗೆ ಶುರುವಾದ ಕಟ್ಟಡ. ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ಶೇ 5ರಷ್ಟು ತೆರಿಗೆ ಹಾಕಿ ಕಟ್ಟಿಸಿದ್ದು. ನಮ್ಮ ಕರಾವಳಿಯ ಸರಕಿನ ಪಾಲೂ ಆ ಕಂಬಗಳಲ್ಲಿದೆ ಎಂದುಕೊಂಡೇ ನಾನು ಒಳಗೆ ಕಾಲಿಟ್ಟೆ. ಹೊಕ್ಕ ಕೂಡಲೇ ಎಡಕ್ಕೆ ವಾಸ್ಕೋ ಡ ಗಾಮನ ಸಮಾಧಿ. 1524ರಲ್ಲಿ ಕೊಚ್ಚಿಯಲ್ಲಿ ಸತ್ತ, ಅಲ್ಲೇ ಹೂಳಿದ್ದರು, 1539ರಲ್ಲಿ ಅಸ್ಥಿಯನ್ನು ಪೋರ್ಚುಗಲ್‌ಗೆ ತಂದರು. ಈ ಇಗರ್ಜಿಗೆ ಬಂದದ್ದು 1880ರಲ್ಲಿ.

ಕಡಲತಡಿ

ನಾನು ಆರು ವರ್ಷದಲ್ಲಿ ಆ ಸಮಾಧಿಯ ಮುಂದೆ ಒಂದೇ ಸಲ ನಿಂತದ್ದು. 1498ರಲ್ಲಿ ವಾಪಸಾಗುವಾಗ ಆತ ಹಡಗು ತಂಗಿಸಿದ್ದು ನಮ್ಮ ಕಾರವಾರದ ಎದುರಿನ ಅಂಜುದೀವದಲ್ಲಿ. ಉಳ್ಳಾಲದ ಅಬ್ಬಕ್ಕನ ಕಥೆ ಕೇಳಿ ಬೆಳೆದವರಿಗೆ ಅಲ್ಲಿ ಕೈ ಮುಗಿಯಲು ಮನಸ್ಸು ಬರುವುದಿಲ್ಲ. ನದಿ ದಂಡೆಯಲ್ಲಿ 1960ರಲ್ಲಿ ಕಟ್ಟಿದ, ಹಡಗಿನ ಮೂತಿಯಂಥ ಐವತ್ತೆರಡು ಮೀಟರ್ ಎತ್ತರದ, ಅಂಥ ನಾವಿಕರ ಸ್ಮಾರಕವಂತೂ ನನಗೆ ಸೇರುವುದೇ ಇಲ್ಲ.

ಹಳೆ ಓಲೆ

ಸೇರಬೇಕೆಂದೇನಿಲ್ಲ. ಆದರೆ 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ಗೆ ಗೋವಾದ ದಾರಿ ತೋರಿಸಿದವನು ಹೊನ್ನಾವರದ ತಿಮ್ಮೋಜ. ಆ ಲೆಕ್ಕವನ್ನೂ ಬರೆದಿಟ್ಟುಕೊಳ್ಳೋಣ. ಅದೇ ಕಾಲದಲ್ಲಿ ಗೇರುಸೊಪ್ಪೆ, ಭಟ್ಕಳದ ಬಂದರುಗಳಲ್ಲಿ ಮೆಣಸು ಮಾರಿದವರೂ ನಮ್ಮವರೇ.

ಮಲೆನಾಡಿಗರ ಅಮ್ಮನಿಗೆ ಬೆಲೇಂ ಗೋಪುರದ ಒಂದು ಮೂಲೆ ತೋರಿಸಬೇಕು. ಅಲ್ಲಿ ಕಾವಲುಗೂಡಿನ ಬುಡದಲ್ಲಿ, ಮಳೆಗಾಳಿಗೆ ಸವೆದ ಒಂದು ಘೇಂಡಾಮೃಗದ ತಲೆ ಇದೆ. ಗುಜರಾತಿನ ಸುಲ್ತಾನ ಅಲ್ಬುಕರ್ಕ್‌ಗೆ ಉಡುಗೊರೆ ಕೊಟ್ಟ ಪ್ರಾಣಿ, ಅವನು ಅದನ್ನು ರಾಜನಿಗೆ ಕಳಿಸಿದ. 1515ರ ಮೇ 20ರಂದು ಹಡಗಿನಿಂದ ಇಳಿಯಿತು. ಅವರು ಅದಕ್ಕೆ ಇಟ್ಟ ಹೆಸರು "ಗಂಡಾ". ನಮ್ಮ ಘೇಂಡಾ! ಆನೆಯ ಜೊತೆ ಕಾಳಗಕ್ಕೆ ಬಿಟ್ಟರು, ಆನೆಯೇ ಓಡಿಹೋಯಿತು. ಆಮೇಲೆ ಪೋಪ್‌ಗೆ ಕಳಿಸುವಾಗ ಹಡಗು ಮುಳುಗಿ ಪಾಪದ್ದು ಸತ್ತಿತು. ಜರ್ಮನಿಯ ಕಲಾವಿದ ಡ್ಯೂರರ್ ಕಣ್ಣಲ್ಲಿ ನೋಡದೆಯೇ ಕೆತ್ತಿದ ಪ್ರಸಿದ್ಧ ಚಿತ್ರ ಇದರದ್ದೇ. ಗೋಪುರದೊಳಗೆ ಹೋಗದಿದ್ದರೂ ಹೊರಗಿನಿಂದಲೇ ಹುಡುಕಿ.

ರೋಟರ್‌ಡ್ಯಾಂ ರೊಟ್ಟಿ

ಭಾಷೆಯ ವಿಷಯ ಬಂತಲ್ಲ, ನನಗೆ ಆ ಊರಿನಲ್ಲಿ ಅತ್ಯಂತ ಖುಷಿ ಕೊಟ್ಟದ್ದು ಅದೇ. ಕೋಣೆ ತೋರಿಸಿದ ಹುಡುಗಿ ಕಿಟಕಿಗೆ "ಜನೆಲಾ" ಎಂದಳು, ಮೇಜಿಗೆ "ಮೇಜ" ಎಂದಳು, ಬೀರು ತೆಗೆದು "ಅರ್ಮಾರಿಯು" ಎಂದಳು. ನಮ್ಮ ಅಲಮಾರು. ಕೊನೆಗೆ ಕೈಗೆ ಬೀಗದ ಕೈ ಕೊಟ್ಟು "ಶಾವಿ" ಎಂದಳು. ವಿಜಯಪುರದವಳಿಗೆ ಚಾವಿ ಎಂದರೆ ಏನೆಂದು ಹೇಳಿಕೊಡಬೇಕೇ?

ಕಡಲತಡಿ

ಬಟಾಟೆ, ಅನಾನಸು, ಪಾದ್ರಿ, ಇಗರ್ಜಿ, ಪಗಾರ. ಪಗಾರ ಮಾತ್ರ ಇಲ್ಲಿ ಸಾಲುವುದಿಲ್ಲ.

ಮಲೆನಾಡಿಗ

ಎಲ್ಲರ ಮಾತು ಕೇಳಿ ಹೊಸದಾಗಿ ಬರೆದಿದ್ದೇನೆ. ಶುಕ್ರವಾರ ಬಾಯ್ಶಾ, ನದಿ ದಂಡೆಯ ದೊಡ್ಡ ಚೌಕ, ಅಷ್ಟೇ. ಶನಿವಾರ ಬೆಳಗ್ಗೆ 15ನೇ ಟ್ರಾಮ್‌ನಲ್ಲಿ ಬೆಲೇಂ. ಭಾನುವಾರ ಬೇಗ 28, ಆಮೇಲೆ ಗುಡ್ಡದ ಮೇಲೆ ಎಲ್ಲಾದರೂ ಕೂರುವುದು. ಸೋಮವಾರ ಖಾಲಿ. ಕೋಟೆಯೊಳಗೆ ಹೋಗಬೇಕೇ?

ಕಡಲತಡಿ

1147ರಲ್ಲಿ ಪೋರ್ಚುಗಲ್‌ನ ಮೊದಲ ರಾಜ ಅಫೊನ್ಸು ಎನ್ರಿಕೆಶ್ ಮೂರ್ ಮುಸ್ಲಿಮರಿಂದ ಗೆದ್ದುಕೊಂಡ ಕೋಟೆ ಎಂದು ಪುಸ್ತಕದಲ್ಲಿ ಓದಿದರೆ ಸಾಕು. ಒಳಗೆ ಇರುವುದು ಹೆಚ್ಚಾಗಿ ಗೋಡೆ, ಮೆಟ್ಟಿಲು ಮತ್ತು ನವಿಲುಗಳು. ಅದೇ ನೋಟ ಪೋರ್ತಾಶ್ ದು ಸೋಲ್ ಕಟ್ಟೆಯಿಂದ ಪುಕ್ಕಟೆ, ಕೂರಲು ಜಾಗವೂ ಉಂಟು. 28 ಅಲ್ಲೇ ನಿಲ್ಲುತ್ತದೆ. ಸೋಮವಾರಕ್ಕೆ ಕಾರ್ಮು ಮಠ ನೋಡಿ, ಶಿಯಾದುವಿನ ಎಸ್ಕಲೇಟರ್ ಹತ್ತಿ ಸ್ವಲ್ಪ ನಡೆದರೆ ಸಿಗುತ್ತದೆ. ಭೂಕಂಪದಲ್ಲಿ ಚಾವಣಿ ಬಿದ್ದದ್ದನ್ನು ಮತ್ತೆ ಕಟ್ಟಲಿಲ್ಲ, ಕಮಾನುಗಳ ಮೇಲೆ ಬರಿಯ ಆಕಾಶ. ಬಾಗಿಲು ಮುಚ್ಚಿದ್ದರೂ ಎದುರಿನ ಚೌಕದ ಮರಗಳಡಿ ಕಾಫಿ ಕುಡಿಯಬಹುದು. 1974ರ ಏಪ್ರಿಲ್ 25ರಂದು ಸರ್ವಾಧಿಕಾರದ ಕೊನೆಯ ಪ್ರಧಾನಿ ಶರಣಾದದ್ದು ಅದೇ ಚೌಕದ ಠಾಣೆಯಲ್ಲಿ, ಹೊರಗೆ ಸೈನಿಕರ ಬಂದೂಕಿನ ತುದಿಗೆ ಜನ ಕಾರ್ನೇಶನ್ ಹೂ ಸಿಕ್ಕಿಸಿದ್ದರು.

ಹೊತ್ತು ಉಳಿದರೆ ಕಾಯ್ಶ್ ದು ಸೊದ್ರೆಯಿಂದ ಕಾಸೀಲ್ಯಾಶ್‌ಗೆ ದೋಣಿ ಹಿಡಿಯಿರಿ. ಹತ್ತು ನಿಮಿಷ, ಒಂದೂವರೆ ಯೂರೊ ಆಸುಪಾಸು.

ಮೊಣಕಾಲು ಮಾಸ್ತರು

ಫಾದು ಏನಾಯಿತು?

ಮಲೆನಾಡಿಗ

ಅಮ್ಮ ಒಂಬತ್ತಕ್ಕೆ ಮಲಗುತ್ತಾರೆ ಮಾಸ್ತರೇ. ಫಾದು ಒಂಬತ್ತರ ಮೇಲೆ ಶುರುವಂತೆ.

(ಎರಡು ವಾರದ ನಂತರ)

ಮಲೆನಾಡಿಗ

ಹೋಗಿ ಬಂದೆವು. ವರದಿ ಒಪ್ಪಿಸದಿದ್ದರೆ ಸರಿಯಲ್ಲ.

ಶುಕ್ರವಾರ ಮಳೆ. ಮಾಸ್ತರರ ಕೋಲನ್ನು ನಾನು ಹಿಡಿದುಕೊಂಡು ಹೊರಟೆ, ಹತ್ತು ನಿಮಿಷದಲ್ಲಿ ನಾನೇ ಜಾರಿದೆ. ಅಮ್ಮ ಕೋಲು ಕಿತ್ತುಕೊಂಡರು. ಅಲ್ಲಿಂದ ಮುಂದೆ ಅದು ಅವರದ್ದೇ.

ಬೆಲೇಂನಲ್ಲಿ ನಾನು ಗಾಮನ ಸಮಾಧಿ ತೋರಿಸಲು ಹೋದರೆ ಅಮ್ಮ ಹಿಂದೆ ಎಲ್ಲೋ ಕಂಬದ ಹತ್ತಿರ ನಿಂತಿದ್ದರು. ಕಲ್ಲಿನಲ್ಲಿ ಹಡಗಿನ ಹಗ್ಗ ಕೆತ್ತಿದ್ದಾರೆ, ಹುರಿ ಹುರಿಯಾಗಿ, ನಡುವೆ ಗಂಟು ಸಮೇತ. ಅದನ್ನು ಬೆರಳಲ್ಲಿ ಮುಟ್ಟಿ, "ಇದು ಎಡಕ್ಕೆ ಹೊಸೆದ ಹಗ್ಗ" ಎಂದರು. ನಾನು ಸುತ್ತಲಿನ ನಾಲ್ಕು ಕಡೆ ಹೋಗಿ ನೋಡಿದೆ. ಯಾವುದು ಎಡ, ಯಾವುದು ಬಲ ಎಂದು ನನಗೆ ತಿಳಿಯಲಿಲ್ಲ. ಘೇಂಡಾವನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ಮೂತಿ ಸವೆದು ಹಂದಿಯಂತೆ ಕಾಣುತ್ತದೆ. "ಇಷ್ಟು ದೂರ ತಂದು ನೀರಿಗೆ ಹಾಕಿದರಲ್ಲ" ಎಂದು ಅಮ್ಮ ಆ ದಿನವಿಡೀ ಹೇಳುತ್ತಿದ್ದರು.

ಭಾನುವಾರ 28ರಲ್ಲಿ ಸೀಟು ಸಿಕ್ಕಿತು. ಪೋರ್ತಾಶ್ ದು ಸೋಲ್‌ನಲ್ಲಿ ಬಿಸಿಲು. "ಇಲ್ಲೇ ಕೂರುತ್ತೇನೆ" ಎಂದವರು ಎರಡೂವರೆ ಗಂಟೆ ಏಳಲಿಲ್ಲ. ಕೆಂಪು ಹೆಂಚಿನ ಮಾಡು, ಅದರಾಚೆ ನದಿ. ಯಾರ ಮನೆಯಲ್ಲಿ ಏನು ಒಣಹಾಕಿದ್ದಾರೆ, ಯಾವ ಮಾಡಿಗೆ ಹೆಂಚು ಕೈಯಾಡಿಸಬೇಕು ಎಂದು ಎಲ್ಲ ಹೇಳಿದರು. ನಾನು ಮೂರು ಗಲಾಂವ್ ಕುಡಿದೆ. ಸಿಂತ್ರಾದ ಹೆಸರು ಎತ್ತಲಿಲ್ಲ. ಪರಮೇಶಿಯವರು ಕ್ಷಮಿಸಬೇಕು.

ಸೋಮವಾರ ದೋಣಿ. ಅಮ್ಮನಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಹಿಡಿಸಿದ್ದು ಅದೇ, ಹೋಗಿ ಬಂದು ಮತ್ತೊಮ್ಮೆ ಹೋದೆವು. ಸ್ವಲ್ಪ ದೂರದಲ್ಲಿ 1966ರ ದೊಡ್ಡ ಕೆಂಪು ಸೇತುವೆ ಕಾಣುತ್ತಿತ್ತು. ಸಿಗಂದೂರಿನ ಲಾಂಚ್ ನೆನಪಾಯಿತೇನೋ, "ಸೇತುವೆ ಕಟ್ಟಿದ ಮೇಲೂ ಇವರು ದೋಣಿ ನಿಲ್ಲಿಸಿಲ್ಲವಲ್ಲ" ಎಂದರು.

ಈಗ ಒಂದು ಸಹಾಯ ಬೇಕು. ನಿನ್ನೆ ಅಮ್ಮ ಕೈಚೀಲ ಕೊಡವುವಾಗ ಬಾಯ್ಶಾದ ಕೋಣೆಯ ಬೀಗದ ಕೈ ಬಿತ್ತು. ಹಿತ್ತಾಳೆಯದು, ಅರ್ಧ ಅಂಗೈ ಉದ್ದ. ಮನೆಯವರಿಗೆ ಬರೆದಿದ್ದೇನೆ, ಇನ್ನೂ ಉತ್ತರವಿಲ್ಲ. ಅಂಚೆಯಲ್ಲಿ ಕಳಿಸಿದರೆ ತಲುಪುತ್ತದೆಯೇ?

ರೋಟರ್‌ಡ್ಯಾಂ ರೊಟ್ಟಿ

ಚಾವಿ ಕದ್ದು ತಂದಿದ್ದೀರಿ! ಅಮ್ಮನಿಗೆ ನನ್ನ ನಮಸ್ಕಾರ.

ಕಡಲತಡಿ

ಬರಿಯ ಲಕೋಟೆಯಲ್ಲಿ ಹಾಕಬೇಡಿ, ಹರಿದು ಬೀಳುತ್ತದೆ. ದಪ್ಪ ರಟ್ಟಿಗೆ ಟೇಪು ಹಚ್ಚಿ ಕೀಲಿಯನ್ನು ಅಂಟಿಸಿ, ಗುಳ್ಳೆಕಾಗದದ ಕವರಿನಲ್ಲಿ ನೋಂದಾಯಿಸಿ ಕಳಿಸಿ. ಮನೆಯವರು ಉತ್ತರ ಕೊಡದಿದ್ದರೆ ನನಗೆ ಖಾಸಗಿಯಾಗಿ ಬರೆಯಿರಿ, ನನ್ನ ವಿಳಾಸ ಕೊಡುತ್ತೇನೆ. ನನ್ನ ಕಚೇರಿಯಿಂದ ಆ ಬೀದಿಗೆ ಏಳು ನಿಮಿಷ, ಸಮತಟ್ಟು.